ದಮಾಮಿಯ ಹಾಡು ಮತ್ತು ಸಿದ್ದಿಯರ ನುಡಿ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಜಾನಪದವೆಂದೊಡನೆ ನಮ್ಮ ಕಾಲೇಜುಗಳಲ್ಲಿ ಯಕ್ಷಗಾನವನ್ನೂ ಹವ್ಯಕ ಸ್ತ್ರೀಯರ ಮದುವೆಯ ಹಾಡುಗಳನ್ನೂ ನೆನೆಯುವುದು ವಾಡಿಕೆ. ಯಲ್ಲಾಪುರದ ಕಾಡಂಚಿನ ಸಿದ್ದಿಯರ ದಮಾಮಿಯ ಪ್ರಸ್ತಾಪ ಬಂದಾಗ ಮಾತ್ರ ನಮ್ಮ ಬರವಣಿಗೆಯು ದಾರಿ ಬದಲಿಸುತ್ತದೆ. ಹಾಡನ್ನು ಬಿಟ್ಟು ಹಾಡುವವರ ಮೈಬಣ್ಣವನ್ನೂ ಆಫ್ರಿಕದ ಮೂಲವನ್ನೂ ವರ್ಣಿಸತೊಡಗುತ್ತೇವೆ.

ಸಿದ್ದಿಯರ ಪೂರ್ವಜರನ್ನು ಗುಲಾಮರನ್ನಾಗಿ ತಂದವರಲ್ಲಿ ಗೋವೆಯ ಪೋರ್ಚುಗೀಸರು ಮುಖ್ಯರೆಂಬುದೂ ಅಲ್ಲಿಂದ ತಪ್ಪಿಸಿಕೊಂಡವರು ಈ ಕಾಡುಗಳನ್ನು ಸೇರಿದರೆಂಬುದೂ ತಿಳಿದ ಸಂಗತಿಗಳೇ. ಆದರೆ ವಾದ್ಯಕ್ಕೂ ಕುಣಿತಕ್ಕೂ ಸಲ್ಲುವ ‘ದಮಾಮಿ’ ಎಂಬ ಹೆಸರನ್ನೇ ನೋಡಬಹುದು. ಅದು ನಗಾರಿ ಎಂಬರ್ಥದ ‘ದಮಾಮಾ’ ಎಂಬ ಪಾರಸಿ ಶಬ್ದಕ್ಕೆ ಸಂಬಂಧಿಸಿದುದಾಗಿ ತೋರುತ್ತದೆ. ಮರಾಠಿಯೂ ಆ ಶಬ್ದವನ್ನು ಬಲ್ಲದು. ಮನೆಮಾತೋ, ಆಫ್ರಿಕದ ಯಾವ ಭಾಷೆಯೂ ಅಲ್ಲ. ಕನ್ನಡ ಮರಾಠಿಗಳ ಬೆರಕೆಯುಳ್ಳ ಕೊಂಕಣಿ. ಹಾಡುಗಳಲ್ಲಿ ಕೇಳಿಬರುವುದೂ ಆ ನುಡಿಯೇ. ಹೀಗಿರಲು ದಮಾಮಿಯನ್ನು ‘ಅಪ್ಪಟ ಆಫ್ರಿಕದ ಉಳಿಕೆ’ಯೆಂದು ಸಾರುವ ವಿಮರ್ಶೆಯು ಕಿವಿಗಿಂತ ಕಣ್ಣನ್ನೇ ಹೆಚ್ಚು ನಂಬಿದೆಯೆನ್ನಬೇಕು. ಎಲೆಗಳನ್ನುಡಿಸಿ ಮುಖಕ್ಕೆ ಬಣ್ಣ ಬಳಿಸಿ ಅವರನ್ನು ಉತ್ಸವಗಳ ವೇದಿಕೆಗೆ ಏರಿಸುವ ಅಭಿರುಚಿಯೂ ಇದೇ ನಂಬಿಕೆಯ ಕೂಸು.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತವಾಸಿಗಳ ಹಾಡುಗಳನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಸ್ಪೇನಿನವರು ತಂದ ಹಾರ್ಪೂ ಪಿಟೀಲೂ ಅವರ ಮೇಳಗಳನ್ನು ಸೇರಿದುವು. ಕ್ವೆಚುವಾ ನುಡಿ ಮಾತ್ರ ಹಾಡಿನಲ್ಲಿ ಉಳಿಯಿತು. ಪೆರುವಿನ ಲೇಖಕ ಹೊಸೆ ಮರಿಯಾ ಅರ್ಗೇದಾಸನು 1938ರಲ್ಲಿ ಅಂಥ ಹಾಡುಗಳನ್ನು ಸ್ಪ್ಯಾನಿಷ್ ಅನುವಾದದೊಡನೆ ಪ್ರಕಟಿಸಿ ಆ ನುಡಿಯ ಕಾವ್ಯಶಕ್ತಿಯನ್ನು ಎತ್ತಿಹಿಡಿದನು. 1975ರಲ್ಲಿ ಪೆರು ಸರಕಾರವು ಅದಕ್ಕೆ ಅಧಿಕೃತ ಸ್ಥಾನವನ್ನಿತ್ತಿತು. ಸಿದ್ದಿಯರ ಕಥೆ ಇದಕ್ಕೆ ತಿರುವುಮುರುವು. ಪೂರ್ವಜರ ನುಡಿ ಅಳಿಯಿತು; ಒಡೆಯರ ನಾಡಿನ ನುಡಿಯನ್ನು ಅವರು ತಮ್ಮ ದುಃಖಕ್ಕೂ ನಗೆಗೂ ಒಗ್ಗಿಸಿಕೊಂಡರು. ಅಂಥ ನುಡಿಯಲ್ಲಿ ಹಾಡು ಕಟ್ಟುವುದು ಮೂಲವನ್ನು ಕಾಪಾಡುವುದಕ್ಕಿಂತ ಕಿರಿದಾದ ಸಾಧನೆಯೆಂದು ನಾವು ಎಣಿಸಲಾರೆವು.

ಆದರೂ ಹವ್ಯಕರ ಹಾಡಿನ ಒಂದು ರೂಪಭೇದಕ್ಕೆ ಅರ್ಧ ಪುಟದ ಟಿಪ್ಪಣಿ ಬರೆಯುವ ನಾವೇ ಸಿದ್ದಿಯರ ಕೊಂಕಣಿಯ ಸಾಲುಗಳನ್ನು ಕನ್ನಡ ಗದ್ಯದಲ್ಲಿ ಎರಡು ಮಾತಿಗೆ ಇಳಿಸಿ ಮುಗಿಸುತ್ತೇವೆ. ಕನ್ನಡವಲ್ಲದ್ದು ಕನ್ನಡ ವಿಭಾಗಕ್ಕೆ ಸೇರದೆಂಬ ಅಳುಕು ಇದಕ್ಕೆ ಕಾರಣವಿರಬಹುದು. ಉತ್ತರ ಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮನ್ನಿಸಲಾಯಿತು. ಅವರ ಮಕ್ಕಳು ನಮ್ಮ ತರಗತಿಗಳಿಗೇ ಬರುವವರು. ಕೊಂಕಣಿಯ ಪಾಠವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಹಾಡಿದವರಿಗೇ ಓದಿ ತಿದ್ದಿಸಿ, ಆಮೇಲೆ ಅರ್ಥವನ್ನು ಕೊಡುವ ಕೆಲಸವನ್ನು ಆ ವಿದ್ಯಾರ್ಥಿಗಳ ಕೈಗೇ ಒಪ್ಪಿಸಬಹುದು.