ಊಖಿಮಠದ ಎಳೆಬಿಸಿಲು

ಪಾಪಿನಾಯಕನಹಳ್ಳಿಯವರಿಗೆ ಬಿಸಿಲೆಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಬಳ್ಳಾರಿ ಸೀಮೆಗೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗುತ್ತಲೇ ಬೆವರೊರೆಸಿಕೊಳ್ಳುವವರು ನಾವು. ಅದಿರು ಲಾರಿಗಳು ಎಬ್ಬಿಸಿದ ಕೆಂಧೂಳಿನ ಮೇಲೆ ಬಿಸಿಲು ಏರತೊಡಗಿತೆಂದರೆ ಸಂಕ್ರಾಂತಿಯ ದಿನವೂ ಕಣ್ಣು ಬೇವಿನ ನೆರಳನ್ನೇ ಹುಡುಕುತ್ತದೆ. ಅಂಥ ಬಿಸಿಲಿಗೂ ಒಂದು ಸವಿ ಇದೆ ಎಂದು ತಿಳಿಯಲು ನಾನು ಪುಷ್ಯಮಾಸದ ಹಿಮಾಲಯಕ್ಕೆ ಹೋಗಬೇಕಾಯಿತು.

ಹೋದದ್ದು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ಊಖಿಮಠಕ್ಕೆ. ಋಷಿಕೇಶದಿಂದ ಸುಮಾರು 180 ಕಿ.ಮೀ. ದಾರಿ, ಗಂಗೆ, ಅಲಕನಂದೆ, ಮಂದಾಕಿನಿಯರ ದಡ ಹಿಡಿದು ಏರುತ್ತ ಹೋಗಬೇಕು. ಚಳಿಗಾಲದಲ್ಲಿ ಕೇದಾರನಾಥನ ವಾಸ ಇಲ್ಲೇ. ದೀಪಾವಳಿ ಮುಗಿದು ಸೋದರ ಬಿದಿಗೆ ಬಂತೆಂದರೆ ಮೇಲಿನ ಗುಡಿಯ ಲಿಂಗಕ್ಕೆ ಭಸ್ಮ ಮುಚ್ಚಿ ಬಾಗಿಲು ಹಾಕುತ್ತಾರೆ. ಐದು ಮುಖದ ಉತ್ಸವಮೂರ್ತಿ ಪಲ್ಲಕ್ಕಿ ಏರಿ, ರಾಂಪುರ, ಗುಪ್ತಕಾಶಿಗಳಲ್ಲಿ ಒಂದೊಂದು ರಾತ್ರಿ ತಂಗಿ, ಮೂರನೆಯ ದಿನ ಊಖಿಮಠದ ಓಂಕಾರೇಶ್ವರ ಗುಡಿಗೆ ಇಳಿದುಬರುತ್ತದೆ. ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಹಿಮದೊಂದಿಗೆ ಸೆಣಸುತ್ತ ಕೂರುವುದು ದೇವರಿಗೂ ಬೇಡ. ಚಳಿಗೆ ತಲೆಬಾಗಿ ಕೆಳಗಿಳಿಯುವ ಈ ಪದ್ಧತಿಯಲ್ಲಿ ಬೆಟ್ಟದ ಜನರ ವಿವೇಕವೆಲ್ಲ ಇದೆ.

ಇಲ್ಲಿಯ ಬೆಳಗನ್ನು ಅವಸರ ಮಾಡದೆ ನೋಡಬೇಕು. ಊಖಿಮಠದ ಬೆನ್ನಿಗೇ ಮೂಡಲ ದಿಕ್ಕಿನ ಬೆಟ್ಟ, ಹಾಗಾಗಿ ಬಿಸಿಲು ತಡವಾಗಿ ತಲುಪುತ್ತದೆ. ಮೊದಲು ಉತ್ತರದ ಹಿಮಶಿಖರಗಳ ತುದಿಗೆ ಕುಂಕುಮದಷ್ಟು ಬಣ್ಣ ಹತ್ತುತ್ತದೆ. ಅದು ಹೊನ್ನಾಗಿ, ಹೊನ್ನು ಬೆಳ್ಳಿಯಾಗುವ ಹೊತ್ತಿಗೆ ಕಣಿವೆಯಾಚೆಯ ಗುಪ್ತಕಾಶಿಯ ನೆತ್ತಿಗೆ ಬೆಳಕು ಬಿದ್ದಿರುತ್ತದೆ. ಅಲ್ಲಿಂದ ಮೆಟ್ಟಿಲುಗದ್ದೆಗಳನ್ನು ಒಂದೊಂದಾಗಿ ಇಳಿಯುತ್ತ ಮಂದಾಕಿನಿಯ ಕಡೆ ಬರುತ್ತದೆ. ಆಚೆ ದಂಡೆಯ ಮಾಡುಗಳಿಂದ ಆಗಲೇ ಇಬ್ಬನಿ ಹಬೆಯಾಡುತ್ತಿರುತ್ತದೆ; ಈಚೆ ದಂಡೆಯ ನಾವು ಇನ್ನೂ ನೀಲಿ ನೆರಳಿನಲ್ಲಿ, ಹಿತ್ತಾಳೆ ಲೋಟದ ಚಹಾಕ್ಕೆ ಅಂಗೈ ಒತ್ತಿಕೊಂಡು ಕೂತಿರುತ್ತೇವೆ. ಕೊನೆಗೆ ಬೆನ್ನ ಹಿಂದಿನ ಏಣನ್ನು ದಾಟಿ ಬಂದ ಮೊದಲ ಕಿರಣ ಕಿವಿಯ ತುದಿಗೆ ತಾಗುತ್ತದೆ. ಆಮೇಲೆ ಕತ್ತು, ಹೆಗಲು, ಮಂಡಿ. ಮೈಯ ಒಂದೊಂದು ಭಾಗವೂ ಬೇರೆಬೇರೆಯಾಗಿ ಎಚ್ಚರಾಗುವ ಆ ಸುಖ ನೆರಳಿಗಾಗಿ ಹಂಬಲಿಸುವ ನಮ್ಮೂರಿನಲ್ಲಿ ಸಿಕ್ಕೀತೇ?

ಬಿಸಿಲು ಬಂತೆಂದರೆ ಊರೆಲ್ಲ ಅಂಗಳದಲ್ಲಿ. ಅಜ್ಜಿಯರು ಉಣ್ಣೆ ಹೆಣೆಯುತ್ತಾರೆ, ಹೆಂಗಸರು ಓಕ್ ಸೊಪ್ಪಿನ ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಾರೆ. ಮಧ್ಯಾಹ್ನದ ತಟ್ಟೆಯಲ್ಲಿ ಕಂದುಬಣ್ಣದ ದಪ್ಪ ರೊಟ್ಟಿ, ಮೇಲೆ ತುಪ್ಪ, ಪಕ್ಕಕ್ಕೆ ಗಟ್ಟಿ ಸಾರು. ಮುರಿದು ಬಾಯಿಗಿಟ್ಟರೆ, ಅರೆ, ರಾಗಿ! ಸಾರು ನಮ್ಮ ಹುರುಳಿಯದೇ. ಮೈಗೆ ಕಾವು ಕೊಡುತ್ತದೆಂದು ಗಢವಾಲದವರು ಹುರುಳಿಯನ್ನು ಚಳಿಗಾಲಕ್ಕೆ ಎತ್ತಿಡುತ್ತಾರೆ. ನಮ್ಮಲ್ಲೂ ಹುರುಳಿ ಉಷ್ಣವೆಂದೇ ಹೇಳುತ್ತಾರೆ. ಆ ಮಾತು ಎಷ್ಟು ನಿಜವೆಂದು ಹೊಟ್ಟೆಗೆ ತಿಳಿಯುವುದು ಈ ಚಳಿಯಲ್ಲಿ ಉಂಡಾಗ.

ಓಂಕಾರೇಶ್ವರ ಗುಡಿಯ ಸುತ್ತ ಬಣ್ಣ ಬಳಿದ ಮರದ ಕೆತ್ತನೆ, ನಡುವೆ ಕಲ್ಲಿನ ಶಿಖರ. ಯಾತ್ರೆಯ ತಿಂಗಳುಗಳ ನೂಕುನುಗ್ಗಲಿಲ್ಲ. ಮಂಗಳಾರತಿಯ ಗಂಟೆ ನಿಂತ ಮೇಲೂ ಅದರ ಗುಂಯ್‌ಗುಡುವಿಕೆ ಕಲ್ಲಿನಲ್ಲಿ ಕರಗುವವರೆಗೆ ಕೇಳುತ್ತ ನಿಲ್ಲಬಹುದು. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರುವುದು ಈ ಊರಿನಲ್ಲೇ. ಇನ್ನೊಂದು ನಮ್ಮ ವಿಜಯನಗರ ಜಿಲ್ಲೆಯ ಉಜ್ಜಿನಿಯಲ್ಲಿದೆ. ಕೇದಾರದ ಪೂಜೆಗೆ ಕರ್ನಾಟಕದ ಜಂಗಮರು ಬರುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಹಾಗಾಗಿ ಹಣೆಗೆ ವಿಭೂತಿ ಹಚ್ಚಿದ ಪೂಜಾರಿಯೊಬ್ಬರು "ಹೊಸಪೇಟಿ ಕಡೇವ್ರೇನ್ರೀ? ಈಗ ಅಲ್ಲಿ ಬಿಸ್ಲು ಹ್ಯಾಂಗೈತ್ರೀ?" ಎಂದು ಕೇಳಿದಾಗ ಬೆಚ್ಚಿಬೀಳಲಿಲ್ಲ, ಬೆಚ್ಚಗಾದೆ. ಊರಲ್ಲಿ ಬೈಯುವ ಬಿಸಿಲನ್ನು ಅವರು ನೆಂಟರ ಕ್ಷೇಮ ವಿಚಾರಿಸುವಂತೆ ವಿಚಾರಿಸಿದ್ದರು.

ಹಿಮ ತುಳಿಯಲೇಬೇಕೆನ್ನುವವರಿಗೆ ಮೇಲೆ ಚೋಪ್ತಾ ಇದೆ, ರಸ್ತೆ ತೆರೆದಿದ್ದರೆ. ನನಗಂತೂ ಹಿಮ ಕಾಣುವಷ್ಟು ದೂರದಲ್ಲಿ, ಬೆನ್ನಿಗೆ ಬಿಸಿಲು ಹಾಕಿಕೊಂಡು ಕೂರುವುದೇ ಹೆಚ್ಚು ರುಚಿಸಿತು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆಂದು ನಮ್ಮಲ್ಲಿ ಮಾತಿದೆ. ಅಲ್ಲಿ ಅಂದು ಕೇದಾರದ ಬಾಗಿಲು ತೆರೆಯುವ ದಿನವನ್ನು ಸಾರುತ್ತಾರೆ. ಆಮೇಲೆ ದೇಶವೆಲ್ಲ ಬೆಟ್ಟ ಹತ್ತಲು ಗಂಟುಮೂಟೆ ಕಟ್ಟುತ್ತದೆ. ಹೋಗುವುದಿದ್ದರೆ ಅದಕ್ಕೆ ಮುಂಚೆ, ದೇವರಿಗೂ ಪುರುಸೊತ್ತಿರುವಾಗ ಹೋಗಿಬನ್ನಿ.