ಗಾಡಿ ಮಣಿಪಾಲಕ್ಕೆ ಹೋದ ಮೇಲೆ

108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರ್ 1ರಂದು, ಆರೋಗ್ಯ ಕವಚ ಎಂಬ ಹೆಸರಿನಲ್ಲಿ. ಬಡವರ ಮನೆಯ ಎಷ್ಟೋ ಬಾಣಂತಿಯರನ್ನು, ಕೂಸುಗಳನ್ನು ಉಳಿಸಿದ ಪುಣ್ಯ ಅದಕ್ಕಿದೆ. ನನ್ನ ತಕರಾರಿರುವುದು ಅದರ ಹಿಂದಿನ ಲೆಕ್ಕದ ಬಗ್ಗೆ.

ಲಕ್ಷ ಜನಕ್ಕೆ ಒಂದು ಸಾಮಾನ್ಯ ಗಾಡಿ, ಐದು ಲಕ್ಷಕ್ಕೆ ವೆಂಟಿಲೇಟರ್ ಇರುವ ಒಂದು ಗಾಡಿ: ಇದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡ. 2011ರ ಜನಗಣತಿಯಂತೆ ಉತ್ತರ ಕನ್ನಡದಲ್ಲಿ 14.37 ಲಕ್ಷ ಜನ. ಅಂದರೆ ಹತ್ತು ಸಾವಿರ ಚದರ ಕಿಲೋಮೀಟರ್ ಮೀರಿದ, ಘಟ್ಟ, ಹೊಳೆ, ಕಾಡುಗಳ ಈ ಜಿಲ್ಲೆಗೆ ವೆಂಟಿಲೇಟರ್ ಗಾಡಿ ಹೆಚ್ಚೆಂದರೆ ಮೂರು. ತಲೆ ಎಣಿಸುವ ಸೂತ್ರ ಬೆಂಗಳೂರಿಗೆ ಒಗ್ಗೀತು, ನಮಗೆ ಒಗ್ಗದು.

ಹಳದೀಪುರವನ್ನೇ ನೋಡಿ. ಹೊನ್ನಾವರ, ಕುಮಟಾಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಾಗಿಯೇ ಇರುವ ಊರು. ಎರಡೂ ಬದಿಗೆ ತಾಲೂಕು ಆಸ್ಪತ್ರೆ. ನಕ್ಷೆ ನೋಡಿದವರಿಗೆ ಇಲ್ಲಿ ಕೊರತೆಯೇ ಕಾಣದು. ಆದರೆ ಮನೆ ಊರಿನ ಶಾಂತಾಶ್ರಮ ಮಠದಿಂದ ಈಚೆಗೋ ಆಚೆಗೋ ಎಂಬುದನ್ನು ದೂರದಲ್ಲೆಲ್ಲೋ 108ರ ಫೋನೆತ್ತಿದವರಿಗೆ ಬಿಡಿಸಿ ಹೇಳಬೇಕು. ಗಾಡಿ ಬಂದರೂ ತೋಟದೊಳಗಿನ ಮನೆಯ ಓಣಿಗೆ ಅದು ಇಳಿಯದು. ಮಳೆಯಲ್ಲಿ ರೋಗಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಬ್ಬರು ಕೊಡೆ ಹಿಡಿದು, ನಾಲ್ವರು ಹೊತ್ತು ರಸ್ತೆಗೆ ತರಬೇಕು. ಗಾಡಿ ಬಂದು ನಿಂತಲ್ಲಿಗೆ ಮುಗಿಯುವ ಲೆಕ್ಕದಲ್ಲಿ ಈ ನಿಮಿಷಗಳು ಸೇರುವುದೇ ಇಲ್ಲ.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ತಲೆಗೆ ಜೋರು ಪೆಟ್ಟು ಬಿದ್ದವರನ್ನು ಇಲ್ಲಿಂದ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯಬೇಕು. ಹೊನ್ನಾವರದಿಂದ ಮಣಿಪಾಲ ನೂರು ಕಿಲೋಮೀಟರಿಗಿಂತ ಹೆಚ್ಚು. ಅಷ್ಟು ದೂರ ಹೋದ ಗಾಡಿ ವಾಪಸು ಬರುವ ತನಕ ತಾಲೂಕಿನ ಉಳಿದವರಿಗೆ ಅದು ಇಲ್ಲದ ಹಾಗೆಯೇ; ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಗಾಡಿ ಬೇರೆ ಕರೆಯಲ್ಲಿ ಸಿಕ್ಕಿಕೊಂಡಿರುವ ಸಂಭವವನ್ನೂ ಹಿಡಿದು ಯೋಜನೆ ಮಾಡುವ ಗಣಿತವನ್ನು ಅಮೆರಿಕದ ಮಾರ್ಕ್ ಡಾಸ್ಕಿನ್ 1983ರಲ್ಲೇ ಪ್ರಕಟಿಸಿದ್ದರು. ವಿದ್ಯೆ ಹೊಸದಲ್ಲ, ನಾವು ಬಳಸಬೇಕಷ್ಟೆ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಜೋರಾಯಿತು. ಆ ಬೇಡಿಕೆ ನ್ಯಾಯದ್ದು. ಆದರೆ ಆಸ್ಪತ್ರೆ ಕಟ್ಟಲು ವರ್ಷಗಳು ಬೇಕು. ದೂರದ ಸಾಗಣೆಗೆಂದೇ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಬೇರೆ ಗಾಡಿ ನಿಲ್ಲಿಸಲು ಅಷ್ಟು ಕಾಲ ಬೇಡ. ಆಗ 108 ಊರಿನ ಕರೆಗೆ ಸಿಗುತ್ತದೆ. ಜೊತೆಗೆ, ಗಾಡಿ ಎಷ್ಟು ನಿಮಿಷಕ್ಕೆ ಬಂತು ಎಂಬುದರೊಂದಿಗೆ ರೋಗಿ ಎಷ್ಟು ಹೊತ್ತಿಗೆ ತಜ್ಞರ ಕೈಸೇರಿದ ಎಂಬುದನ್ನೂ ಆರೋಗ್ಯ ಇಲಾಖೆ ತಾಲೂಕುವಾರು ಪ್ರಕಟಿಸಲಿ.