ಯಾವ ಗೋಡೆಗೆ ಸಿಕ್ಕಿಸಲಿ?

ಹೆಗ್ಗನಹಳ್ಳಿ ಕ್ರಾಸ್ ಹತ್ತಿರದ ಗುಜರಿ ಅಂಗಡಿಯಲ್ಲಿ ಹೋದ ತಿಂಗಳು ಒಂದು ಅಮೆರಿಕನ್ ಡಯಲ್-ಅಪ್ ಮೋಡೆಮ್ ಸಿಕ್ತು, ಅದರ ಮ್ಯಾನ್ಯುಯಲ್ ಸಮೇತ. ಇವತ್ತು ಆ ಮ್ಯಾನ್ಯುಯಲ್‌ನ ವಿಮರ್ಶೆ. ನಗಬೇಡಿ, ಅದೂ ಪುಸ್ತಕವೇ.

ಬರವಣಿಗೆ ಚೆನ್ನಾಗಿದೆ. ಸಣ್ಣ ವಾಕ್ಯಗಳು, ಸ್ಪಷ್ಟ ಚಿತ್ರಗಳು. ಅಡಾಪ್ಟರ್ ಗೋಡೆಗೆ ಸಿಕ್ಕಿಸಿ, ಫೋನ್ ವೈರ್ ಜೋಡಿಸಿ, ಮುಗೀತು ಅನ್ನುತ್ತೆ. ಆದರೆ ಯಾವ ದೇಶದ ಗೋಡೆ? ಆ ಪ್ರಶ್ನೆಯೇ ಅದಕ್ಕೆ ಹೊಳೆದಿಲ್ಲ. ನಾನೂ ನಂಬಿ ಸಿಕ್ಕಿಸಿದೆ. 120 ವೋಲ್ಟ್ ಅಡಾಪ್ಟರ್, ನಮ್ಮ 230 ವೋಲ್ಟ್ ಕರೆಂಟು. ಎರಡೇ ನಿಮಿಷಕ್ಕೆ ಸುಟ್ಟ ವಾಸನೆ. ಅಡಾಪ್ಟರ್ ಮೇಲೆ ಬರೆದದ್ದನ್ನು ಓದದ ತಪ್ಪು ಬಿಇ ಮಾಡಿದ ನನ್ನದೇ, ಒಪ್ಪಿಕೊಂಡೆ. ಹೊಸದು ತರಲು ಹೋದಾಗ ಇನ್ನೊಂದು ವಿಷಯ ಗೊತ್ತಾಯ್ತು: ಈ ಮೋಡೆಮ್‌ಗೆ ಬೇಕಾದದ್ದು ಎಸಿ ಔಟ್‌ಪುಟ್. ಸಿಕ್ಕ ಡಿಸಿ ಅಡಾಪ್ಟರ್ ಹಾಕಿದ್ದರೆ ಕೆಲಸ ಆಗುತ್ತಿರಲಿಲ್ಲ.

ಮುಂದಿನದು ಫೋನ್ ಲೈನು. ಮನೆ ಓನರ್ ಕೃಪೆಯಿಂದ ಹಳೇ ತಾಮ್ರದ ಲ್ಯಾಂಡ್‌ಲೈನ್ ಇನ್ನೂ ಇದೆ. ಮೋಡೆಮ್ ಮಾತ್ರ ಡಯಲ್ ಟೋನೇ ಇಲ್ಲ ಅಂತ ಹಟ ಹಿಡೀತು. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ಗಳ ಜೋಡಿ. ನಮ್ಮದು 400 ಹರ್ಟ್ಸ್ ಆಸುಪಾಸಿನ ಗುಂಯ್‌ಗುಟ್ಟುವ ಸದ್ದು. ಟೋನ್‌ಗೆ ಕಾಯದೆ ಡಯಲ್ ಮಾಡು ಅನ್ನುವ ಎಕ್ಸ್3 ಕಮಾಂಡ್ ಪುಸ್ತಕದ ಕೊನೆಯ ಪಟ್ಟಿಯಲ್ಲಿದೆ. ಅದು ಯಾರಿಗೆ, ಯಾಕೆ ಬೇಕು ಅನ್ನೋದು ಇಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ ಶುರು ಮಾಡಿದ ಮೇಲೆ, ಪರದೇಶದ ಸೂಟ್‌ಕೇಸಲ್ಲಿ ಬಂದ ಮೋಡೆಮ್ ಇಟ್ಟುಕೊಂಡವರು ಎಷ್ಟು ಒದ್ದಾಡಿರಬೇಕು!

ಆಫೀಸು, ಹೋಟೆಲ್‌ಗಳ ಡಿಜಿಟಲ್ ಎಕ್ಸ್‌ಚೇಂಜ್ ಲೈನ್‌ಗೆ ಸಿಕ್ಕಿಸಿದರೆ ಮೋಡೆಮ್ಮೇ ಸುಟ್ಟುಹೋಗಬಹುದು. ಪಿನ್ ಮಾತ್ರ ಒಂದೇ ಥರ, ಒಳಗಿನ ಕರೆಂಟ್ ಬೇರೆ. ಆ ಎಚ್ಚರಿಕೆಯೂ ಇದರಲ್ಲಿಲ್ಲ. ಊರಲ್ಲಿ ಗುಡುಗು ಕೇಳಿಸಿದ ಕೂಡಲೇ ಫೋನ್ ವೈರ್ ಕೀಳುತ್ತಿದ್ದ ನಮ್ಮಪ್ಪನೇ ಈ ಪುಸ್ತಕಕ್ಕಿಂತ ಒಳ್ಳೆ ಮ್ಯಾನ್ಯುಯಲ್.

ಹಾಗಂತ ಪುಸ್ತಕ ಸುಳ್ಳು ಹೇಳಿಲ್ಲ. ಬರೆದವರ ಮನೆಯಲ್ಲಿ ಎಲ್ಲವೂ ಸರಿಯಾಗೇ ನಡೆದಿರುತ್ತೆ. ತನ್ನ ಮಾತು ಎಲ್ಲಿಯವರೆಗೆ ನಡೆಯುತ್ತೆ ಅಂತ ಹೇಳದೇ ಇದ್ದದ್ದೇ ಅದರ ದೋಷ.

ಹೀಗೆ ಬರೆದು ಬೀಗುತ್ತಿದ್ದಾಗ ಅಪ್ಪನ ಫೋನು. ನಾನೇ ಕೋಡ್ ಬರೆದ ಫಾರ್ಮ್ ತುಂಬುತ್ತಿದ್ದರಂತೆ. "ಸರ್‌ನೇಮ್ ಇಲ್ದೆ ಮುಂದಕ್ಕೇ ಹೋಗ್ತಿಲ್ವಲ್ಲೋ, ನಮಗಿರೋದು ಇನಿಷಿಯಲ್ಲು. ಏನ್ ಹಾಕ್ಲಿ?"

ಚುಕ್ಕಿ ಹಾಕಿ ಅಂದೆ. ಅದನ್ನೂ ನನ್ನ ಕೋಡ್ ಒಪ್ಪಲಿಲ್ಲ.